ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ, ಆದರೂ ಮೂಳೆ ಕೊರೆದರು. ಇದು ಬೇಕಿತ್ತಾ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಹತ್ತಿರದವರು. ಮಗನಿಗೆ ಎಂಟು ವರ್ಷ. ಜುಲೈ ಕೊನೆಯಲ್ಲಿ ಶಾಲೆಯ ಅಂಗಳದಲ್ಲಿ ಜಾರಿ ಬಿದ್ದ. ಎರಡು ದಿನ ಚೆನ್ನಾಗಿಯೇ ಓಡಾಡಿದ. ಮೂರನೇ ದಿನ ಬಲ ಮೊಣಕಾಲಿನ ಕೆಳಗೆ ನೋವು ಅಂದ, ರಾತ್ರಿ 103 ಡಿಗ್ರಿ ಜ್ವರ ಬಂತು. ಉಳುಕು ಅಂದುಕೊಂಡು ನಮ್ಮ ಅತ್ತೆ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಮರುದಿನ ಊರಿನಲ್ಲಿ ಒಬ್ಬರು ಕಟ್ಟು ಹಾಕಿದರು. ಎಕ್ಸ್‌ರೇ ತೆಗೆಸಿದೆವು, ಏನೂ ಇಲ್ಲ ಅಂದರು. ಐದನೇ ದಿನ ಅವನು ಕಾಲನ್ನು ನೆಲಕ್ಕೆ ತಾಗಿಸಲೂ ಬಿಡಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋದೆವು. ರಕ್ತದಲ್ಲಿ ಸೋಂಕಿನ ಸೂಚನೆ ಕೊಡುವ ಸಿಆರ್‌ಪಿ 142 ಬಂತು. ಎಂಆರ್‌ಐ ಮಾಡಿ, ಮೂಳೆಯ ಒಳಗೂ ಹೊದಿಕೆಯ ಕೆಳಗೂ ಕೀವು ಇದೆ ಅಂತ ಅದೇ ರಾತ್ರಿ ಆಪರೇಷನ್ ಮಾಡಿದರು. ಈಗ 12 ದಿನ ಆಯಿತು. ಜ್ವರ ಇಲ್ಲ, ಮನೆಯಲ್ಲಿ ಕ್ಯಾಪ್ಸೂಲ್ ಕೊಡುತ್ತಿದ್ದೇವೆ. ಮಾತ್ರೆಯಲ್ಲೇ ವಾಸಿಯಾಗುತ್ತಿತ್ತು, ಸುಮ್ನೆ ಮೂಳೆ ಕೊರೆಸಿದಿರಿ ಅಂತ ನೆಂಟರು ಹೇಳುತ್ತಾರೆ. ಕೊರೆದ ಮೂಳೆ ಬೆಳೆಯುವುದಿಲ್ಲ, ಕಾಲು ಗಿಡ್ಡವಾಗುತ್ತದೆ ಅಂತಲೂ ಹೆದರಿಸಿದ್ದಾರೆ. ಜ್ವರ ಬಿಟ್ಟಮೇಲೂ ಇಷ್ಟು ದಿನ ಔಷಧಿ ಬೇಕಾ? ಇದು ತಂಗಿಗೆ ಹರಡುತ್ತದಾ? ಬರುವ ಬೇಸಿಗೆಯ ಹಾಕಿ ಕ್ಯಾಂಪಿಗೆ ಹೋಗಬಹುದಾ ಅಂತ ಅವನು ದಿನಾ ಕೇಳುತ್ತಾನೆ.

ಉತ್ತರ: ಮೊದಲು ಒಂದು ಮಾತು, ಈ ತಾಯಿಗಲ್ಲ, ಇದನ್ನು ಓದುತ್ತಿರುವ ಬೇರೆಯವರಿಗೆ. ನಿಮ್ಮ ಮನೆಯಲ್ಲಿ ಈಗ ಜ್ವರ ಇರುವ ಮಗು ಕಾಲು ಊರುತ್ತಿಲ್ಲ, ಅಥವಾ ಕೈ ಎತ್ತುತ್ತಿಲ್ಲ ಅಂತಾದರೆ ಓದುವುದನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ಅಲ್ಲಿ ಸಾಲಿನಲ್ಲಿ ಕೂತು ಓದಬಹುದು.

ಈಗ ನಿಮ್ಮ ಪತ್ರ. ಪ್ರಶ್ನೆ ನಾಲ್ಕೈದು ಇವೆ, ಆದರೆ ಅವುಗಳ ಹಿಂದೆ ನನಗೆ ಎರಡು ಸಂಕಟ ಕಾಣಿಸಿತು. ಆಪರೇಷನ್ನಿಗೆ ಆತುರದಿಂದ ಒಪ್ಪಿಬಿಟ್ಟೆವಾ ಅನ್ನುವುದು ಒಂದು. ಆಸ್ಪತ್ರೆಗೆ ತಡ ಮಾಡಿ ಹೋದೆವಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ, ಆತುರ ಆಗಲಿಲ್ಲ ಅಂತ. ಎರಡನೆಯದಕ್ಕೆ ಸ್ವಲ್ಪ ಹೌದು. ಆದರೆ ಅದರ ಹೊರೆಯನ್ನೆಲ್ಲ ಅತ್ತೆಯ ತಲೆಗೆ ಕಟ್ಟಬೇಡಿ. ಯಾಕೆ ಅಂತ ಹೇಳುತ್ತೇನೆ.

ಈ ಕಾಯಿಲೆಯ ಹೆಸರು ಆಸ್ಟಿಯೋಮೈಲೈಟಿಸ್, ಅಂದರೆ ಮೂಳೆಯ ಸೋಂಕು. ಮಕ್ಕಳಲ್ಲಿ ಇದು ಹೊರಗಿನ ಗಾಯದಿಂದ ನೇರವಾಗಿ ಮೂಳೆಗೆ ಇಳಿಯುವುದು ಕಡಿಮೆ. ಬರುವುದು ರಕ್ತದ ದಾರಿಯಲ್ಲಿ. ಜಾಸ್ತಿ ಸಲ ಸಿಕ್ಕಿಬೀಳುವ ಕಳ್ಳ ಒಬ್ಬನೇ, ಸ್ಟೆಫಿಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ. ಅದು ನಮ್ಮೆಲ್ಲರ ಮೂಗಿನಲ್ಲಿ, ಚರ್ಮದ ಮೇಲೆ ಆಗಾಗ ಬಂದು ಕೂರುವ ಜೀವಿ. ಕೊಡಗಿನ ಮಳೆಗಾಲದಲ್ಲಿ ಮಕ್ಕಳ ಕಾಲು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಜಿಗಣೆ ಕಚ್ಚಿದ ಜಾಗವನ್ನು ಕೆರೆದಿರುತ್ತಾರೆ, ಒದ್ದೆ ಶೂ ಉಜ್ಜಿ ಹುಣ್ಣಾಗಿರುತ್ತದೆ, ಒಂದೆರಡು ಕುರು ಎದ್ದಿರುತ್ತವೆ. ಅಂಥ ಸಣ್ಣ ಬಾಗಿಲಿನಿಂದ ಒಳಗೆ ಬಂದ ಬ್ಯಾಕ್ಟೀರಿಯಾವನ್ನು ಸಾಮಾನ್ಯವಾಗಿ ದೇಹವೇ ಕೊಂದುಹಾಕುತ್ತದೆ. ಕೆಲವು ಸಲ ಅದು ತಪ್ಪಿಸಿಕೊಂಡು ಮೂಳೆಗೆ ಹೋಗಿ ಸೇರುತ್ತದೆ.

ಮೂಳೆಯಲ್ಲೂ ಎಲ್ಲೆಂದರಲ್ಲಿ ಅಲ್ಲ. ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಬೆಳವಣಿಗೆಯ ತಟ್ಟೆ ಇರುತ್ತದೆ, ನಾವು ಗ್ರೋತ್ ಪ್ಲೇಟ್ ಅನ್ನುತ್ತೇವೆ. ಮೂಳೆ ಉದ್ದವಾಗುವುದು ಅಲ್ಲಿಂದ. ಆ ತಟ್ಟೆಯ ಪಕ್ಕಕ್ಕೆ ಬರುವ ಸಣ್ಣ ರಕ್ತನಾಳಗಳು ಅಲ್ಲಿ ಯೂ ತಿರುವು ಹೊಡೆದು ಹಿಂದಿರುಗುತ್ತವೆ. ನಿಮ್ಮ ತೋಟದ ಪಕ್ಕದ ತೋಡು ತಿರುಗುವ ಕಡೆ ನೀರು ನಿಧಾನವಾಗಿ, ಕಸಕಡ್ಡಿ ಬಂದು ನಿಲ್ಲುತ್ತದಲ್ಲ, ಹಾಗೆಯೇ. ಬ್ಯಾಕ್ಟೀರಿಯಾ ಅಲ್ಲಿ ತಂಗುತ್ತದೆ. ತೊಡೆಮೂಳೆಯ ಕೆಳತುದಿ, ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ ಇದಕ್ಕೆ ಮೆಚ್ಚಿನ ಜಾಗಗಳು. ನಿಮ್ಮ ಮಗನಿಗೆ ಆಗಿದ್ದು ಈ ಎರಡನೆಯ ಜಾಗದಲ್ಲಿ.

ಹಾಗಾದರೆ ಬಿದ್ದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ? ಇರಬಹುದು. ಪೆಟ್ಟು ಬಿದ್ದಾಗ ಆ ಜಾಗದಲ್ಲಿ ಸ್ವಲ್ಪ ರಕ್ತ ಹೆಪ್ಪುಗಟ್ಟಿ ಬ್ಯಾಕ್ಟೀರಿಯಾಕ್ಕೆ ಕೂರಲು ಜಾಗ ಸಿಗುತ್ತದೆ. ಆದರೆ ನನ್ನ ಅನುಭವದಲ್ಲಿ ಬಿದ್ದ ಕತೆ ಮಾಡುವ ದೊಡ್ಡ ಹಾನಿ ಬೇರೆ. ಅದು ಎಲ್ಲರ ಕಣ್ಣು ಕಟ್ಟುತ್ತದೆ. ಎಂಟು ವರ್ಷದ ಹುಡುಗ ಬೀಳದ ವಾರ ಯಾವುದಿದೆ ಹೇಳಿ? ಹೀಗಾಗಿ ನೋವು ಅಂದ ಕೂಡಲೇ ಕಾರಣ ರೆಡಿ ಇರುತ್ತದೆ. ಮನೆಯವರಷ್ಟೇ ಅಲ್ಲ, ಡಾಕ್ಟರೂ ಅದನ್ನು ನಂಬಿಬಿಡುತ್ತಾರೆ. ಉಳುಕಿನ ನೋವು ಬಿದ್ದ ದಿನವೇ ಜಾಸ್ತಿ, ಆಮೇಲೆ ಇಳಿಯುತ್ತದೆ. ಬಿದ್ದು ಎರಡು ದಿನ ಓಡಾಡಿ, ಮೂರನೇ ದಿನ ಶುರುವಾಗಿ ದಿನಾ ಏರುವ ನೋವು ಉಳುಕಲ್ಲ. ಉಳುಕಿಗೆ 103 ಡಿಗ್ರಿ ಜ್ವರವೂ ಬರುವುದಿಲ್ಲ.

ಎಕ್ಸ್‌ರೇ ವಿಚಾರ. ಅದನ್ನು ನೋಡಿದವರು ಸುಳ್ಳು ಹೇಳಲಿಲ್ಲ. ಅದರಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಮೂಳೆಯ ಸುಣ್ಣದ ಅಂಶ ಅರ್ಧಕ್ಕೆ ಹತ್ತಿರ ಕರಗಿ ಹೋಗುವ ತನಕ ಎಕ್ಸ್‌ರೇಯಲ್ಲಿ ರಂಧ್ರ ಕಾಣುವುದಿಲ್ಲ. ಅದಕ್ಕೆ ಸುಮಾರು 10ರಿಂದ 14 ದಿನ ಬೇಕು. ಅಷ್ಟು ಬೇಗ ತೆಗೆದ ಎಕ್ಸ್‌ರೇ ಮೂಳೆ ಮುರಿದಿಲ್ಲ ಅನ್ನುತ್ತದೆ, ಅಷ್ಟೇ. ಸೋಂಕು ಇಲ್ಲ ಅನ್ನಲು ಅದಕ್ಕೆ ಬಾಯಿಲ್ಲ. ಆ ದಿನ ಬೇಕಿದ್ದದ್ದು ರಕ್ತ ಪರೀಕ್ಷೆ. ಸಿಆರ್‌ಪಿ ಅನ್ನುವುದು ಸೋಂಕು ಶುರುವಾದ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಅದಕ್ಕೆ ಮೈಸೂರಿಗೇ ಬರಬೇಕಾಗಿಲ್ಲ, ಗೋಣಿಕೊಪ್ಪ, ಕುಶಾಲನಗರದಂಥ ಊರಿನಲ್ಲೂ ಮಾಡುತ್ತಾರೆ. ಅಲ್ಟ್ರಾಸೌಂಡ್ ಮಾಡಿದರೆ ಮೂಳೆಯ ಹೊದಿಕೆ ಎದ್ದಿದೆಯೇ, ಕೀಲಿನಲ್ಲಿ ನೀರು ಸೇರಿದೆಯೇ ಅಂತ ಗೊತ್ತಾಗುತ್ತದೆ. ಎಲ್ಲಕ್ಕಿಂತ ಸ್ಪಷ್ಟ ಎಂಆರ್‌ಐ. ಆದರೆ ಎಂಆರ್‌ಐ ಸಿಗಲಿಲ್ಲ ಅಂತ ಒಂದು ದಿನ ಕಾಯುವುದು ನನಗೆ ಯಾವತ್ತೂ ಒಪ್ಪಿಗೆಯಿಲ್ಲ.

ಈಗ ಆಪರೇಷನ್. ಮಾತ್ರೆಯಲ್ಲೇ ವಾಸಿಯಾಗುತ್ತಿತ್ತು ಅಂದ ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಮೊದಲ ಎರಡು ಮೂರು ದಿನದೊಳಗೆ, ಕೀವು ಗಟ್ಟಿಯಾಗಿ ಒಂದು ಕಡೆ ಸೇರುವ ಮೊದಲು ಬಂದ ಮಕ್ಕಳಲ್ಲಿ ಬಹಳಷ್ಟು ಜನ ಆಂಟಿಬಯೋಟಿಕ್‌ನಿಂದಲೇ ಗುಣವಾಗುತ್ತಾರೆ. ನಾನೇ ಎಷ್ಟೋ ಮಕ್ಕಳನ್ನು ಚಾಕು ಮುಟ್ಟದೆ ಮನೆಗೆ ಕಳಿಸಿದ್ದೇನೆ. ಡ್ರಿಪ್‌ನಲ್ಲಿ ಔಷಧಿ ಶುರು ಮಾಡಿ 48 ಗಂಟೆ ನೋಡುತ್ತೇವೆ. ಜ್ವರ ಇಳಿದು, ನೋವು ತಗ್ಗಿ, ಸಿಆರ್‌ಪಿ ಕೆಳಗೆ ಬಂದರೆ ಹಾಗೇ ಮುಂದುವರಿಸುತ್ತೇವೆ. ಬರದಿದ್ದರೆ ಎಲ್ಲೋ ಕೀವು ಕೂತಿದೆ ಅಂತ ಅರ್ಥ.

ನಿಮ್ಮ ಮಗ ಬಂದಾಗ ಆ ಹಂತ ದಾಟಿತ್ತು. ಮೂಳೆ ಒಳಗಡೆ ಹಿಗ್ಗುವ ಚೀಲ ಅಲ್ಲ. ಅದರೊಳಗೆ ಕೀವಾದರೆ ಒತ್ತಡ ಏರುತ್ತಲೇ ಹೋಗುತ್ತದೆ. ಮಗು ಕಿರುಚುವುದು ಅದಕ್ಕೇ. ಕೊನೆಗೆ ಕೀವು ಮೂಳೆಯ ಸಣ್ಣ ತೂತುಗಳಿಂದ ಹೊರಗೆ ನುಗ್ಗಿ ಮೇಲಿನ ಹೊದಿಕೆಯನ್ನು ಎಬ್ಬಿಸುತ್ತದೆ. ಎಳೆ ಕಣಿಲೆಯ ಸಿಪ್ಪೆ ಹೇಗೆ ಸಲೀಸಾಗಿ ಬಿಡಿಸಿಕೊಳ್ಳುತ್ತದೋ ಮಕ್ಕಳ ಮೂಳೆಯ ಹೊದಿಕೆಯೂ ಹಾಗೆ. ಮೂಳೆಗೆ ರಕ್ತ ಬರುವುದು ಒಳಗಿನಿಂದ ಮತ್ತು ಈ ಹೊದಿಕೆಯಿಂದ. ಒಳಗಿನ ದಾರಿ ಒತ್ತಡದಿಂದ ಮುಚ್ಚಿತು, ಹೊರಗಿನದು ಕಿತ್ತುಹೋಯಿತು ಅಂದರೆ ನಡುವಿನ ಮೂಳೆ ಸಾಯುತ್ತದೆ.

ಆಂಟಿಬಯೋಟಿಕ್ ಮೂಳೆಗೆ ಹೋಗುವುದು ರಕ್ತದ ಜೊತೆಗೇ ಅಲ್ವಾ? ರಕ್ತ ಹೋಗದ ಕಡೆ ಔಷಧಿ ಹೋಗುವುದಾದರೂ ಹೇಗೆ? ಕಾಫಿಗೆ ಹೂಮಳೆ ಕೊಡುವಾಗ ಸ್ಪ್ರಿಂಕ್ಲರ್ ಪೈಪಿನಲ್ಲಿ ಮಣ್ಣು ಕಟ್ಟಿದ್ದರೆ ಪಂಪನ್ನು ಎಷ್ಟು ಹೊತ್ತು ಓಡಿಸಿದರೂ ಆ ಸಾಲಿನ ಗಿಡಕ್ಕೆ ನೀರು ಬೀಳುವುದಿಲ್ಲ. ಪೈಪು ಬಿಚ್ಚಿ ಮಣ್ಣು ತೆಗೆಯಬೇಕು. ನಿಮ್ಮ ಮಗನಿಗೆ ಮಾಡಿದ್ದು ಆ ಕೆಲಸ. ಆಪರೇಷನ್ ಸೋಂಕನ್ನು ವಾಸಿ ಮಾಡುವುದಿಲ್ಲ. ವಾಸಿ ಮಾಡುವುದು ಔಷಧಿಯೇ. ಔಷಧಿಗೆ ದಾರಿ ಮಾಡಿಕೊಡುವುದಷ್ಟೇ ನಮ್ಮ ಕೆಲಸ.

ಮೂಳೆ ಕೊರೆದರು ಅಂದಾಗ ನಿಮ್ಮ ಮನಸ್ಸಿಗೆ ಬಡಗಿಯ ಕೆಲಸದಂಥ ಚಿತ್ರ ಬಂದಿರಬಹುದು. ಒಳಗೆ ನಡೆಯುವುದು ಇಷ್ಟು: ಚರ್ಮ ಕೊಯ್ದು ಹೊದಿಕೆಯನ್ನು ಉದ್ದಕ್ಕೆ ಸ್ವಲ್ಪ ತೆರೆಯುತ್ತೇವೆ. ಒತ್ತಡದಲ್ಲಿದ್ದ ಕೀವು ಚಿಮ್ಮುತ್ತದೆ. ಕೆಲವೇ ಮಿಲಿಮೀಟರ್ ಅಗಲದ ಎರಡು ಮೂರು ತೂತು ಕೊರೆದು ಒಳಗಿನದನ್ನೂ ಹೊರಗೆ ಬಿಡುತ್ತೇವೆ. ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದಲ್ಲಿ ನೋಡಿಕೊಂಡು, ಬೆಳವಣಿಗೆಯ ತಟ್ಟೆಯಿಂದ ದೂರದಲ್ಲಿ. ಸಲೈನ್ ಹಾಕಿ ಚೆನ್ನಾಗಿ ತೊಳೆದು, ಉಳಿದದ್ದು ಹರಿದುಹೋಗಲು ಒಂದೆರಡು ದಿನ ನಳಿಕೆ ಇಟ್ಟು ಹೊಲಿಯುತ್ತೇವೆ. ಲೋಹದ ಪ್ಲೇಟು, ಸ್ಕ್ರೂ ಯಾವುದೂ ಇಲ್ಲ. ಆ ತೂತುಗಳು ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾವೇ ತುಂಬಿಕೊಳ್ಳುತ್ತವೆ. ಕೀವು ಹೊದಿಕೆಯ ಕೆಳಗೆ ಮಾತ್ರ ಇದ್ದರೆ ಕೊರೆಯಲೇಬೇಕಾ ಅನ್ನುವುದರಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯ ಇದೆ. ಎಂಆರ್‌ಐಯಲ್ಲಿ ಒಳಗೂ ಕೀವು ಕಂಡರೆ ನಾನು ಕೊರೆಯುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ. ಎಳೆ ಮೂಳೆಯನ್ನು ಕೆರೆದು ಕೆರೆದು ತೆಗೆಯುವುದಕ್ಕೆ ಮಾತ್ರ ನನ್ನ ವಿರೋಧವಿದೆ.

ಆಪರೇಷನ್ನಿನಿಂದ ಇನ್ನೊಂದು ಲಾಭ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೀವು ಕಲ್ಚರ್ ಪರೀಕ್ಷೆಗೆ ಹೋಗುತ್ತದೆ, ಯಾವ ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಅಂತ ಗೊತ್ತಾಗುತ್ತದೆ. ಮೂಳೆಯ ಒಂದು ಚೂರು ಬಯಾಪ್ಸಿಗೆ ಹೋಗುತ್ತದೆ. ಯಾಕೆಂದರೆ ಯೂಯಿಂಗ್ ಸಾರ್ಕೋಮಾ ಅನ್ನುವ ಮೂಳೆಯ ಕ್ಯಾನ್ಸರ್ ಕೂಡ ಮಕ್ಕಳಲ್ಲಿ ಜ್ವರ, ನೋವು, ಊತದ ವೇಷದಲ್ಲೇ ಬರುತ್ತದೆ. ಹೆದರಬೇಡಿ, ಅದು ಅಪರೂಪ. ಆದರೆ ಆ ಎರಡು ರಿಪೋರ್ಟ್ ಬಂದಿವೆಯಾ ಅಂತ ಮುಂದಿನ ಭೇಟಿಯಲ್ಲಿ ಕೇಳಿ ಪ್ರತಿ ಇಟ್ಟುಕೊಳ್ಳಿ. ಕೇಳದಿದ್ದರೆ ಕೆಲವು ಸಲ ಅವು ಫೈಲಿನಲ್ಲೇ ಉಳಿದುಬಿಡುತ್ತವೆ.

ಅಪಾಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜ್ವರ ಇರುವ ಮಗುವಿಗೆ ಅರಿವಳಿಕೆ ಕೊಡುವಾಗ ಎಚ್ಚರ ಜಾಸ್ತಿ ಬೇಕು. ಕೆಲವರಿಗೆ ಎರಡನೇ ಸಲ ತೊಳೆಯಬೇಕಾಗುತ್ತದೆ. ಮೊದಲನೆಯದು ಕೆಟ್ಟುಹೋಯಿತು ಅಂತ ಅದರ ಅರ್ಥ ಅಲ್ಲ. ಸೋಂಕಿನಿಂದ ಸೊರಗಿದ ಮೂಳೆ ಕೆಲವು ವಾರ ಮುರಿಯುವ ಭಯ ಇರುತ್ತದೆ. ಎಂಆರ್‌ಎಸ್‌ಎ ಅನ್ನುವ ಹಠಮಾರಿ ಬ್ಯಾಕ್ಟೀರಿಯಾ ಆದರೆ ಪಕ್ಕದ ರಕ್ತನಾಳದಲ್ಲಿ ಹೆಪ್ಪು, ಶ್ವಾಸಕೋಶಕ್ಕೆ ಸೋಂಕು ಹೀಗೆ ದಾರಿ ಉದ್ದವಾಗಬಹುದು. ಆಪರೇಷನ್ ಮಾಡದೆ ಬಿಟ್ಟರೆ? ಸತ್ತ ಮೂಳೆಯ ತುಂಡು ಒಳಗೇ ಉಳಿದು, ಚರ್ಮದಲ್ಲಿ ತೂತಾಗಿ ವರ್ಷಗಟ್ಟಲೆ ಕೀವು ಸೋರುತ್ತದೆ. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬರುವ ಮೊದಲು ಈ ಕಾಯಿಲೆಯಿಂದ ಎಷ್ಟೋ ಮಕ್ಕಳು ಸಾಯುತ್ತಿದ್ದರು. ಬದುಕಿದವರ ಕಾಲು ಹೀಗೆ ಸೋರುತ್ತಿತ್ತು. ನಿಮ್ಮ ಊರಿನ ಹಿರಿಯರನ್ನು ಕೇಳಿ, ಅಂಥ ಒಬ್ಬರ ನೆನಪು ಯಾರಿಗಾದರೂ ಇದ್ದೇ ಇರುತ್ತದೆ.

ಮೊಣಕಾಲಿನ ಕೀಲಿನೊಳಗೆ ಕೀವು ಇಳಿದಿರಲಿಲ್ಲ ಅನ್ನುವುದು ನಿಮ್ಮ ಅದೃಷ್ಟ. ಕೀಲಿಗೆ ಇಳಿದರೆ ಕಾಯಲು ದಿನಗಳಿಲ್ಲ, ಗಂಟೆಗಳ ಲೆಕ್ಕ. ಅದರಲ್ಲೂ ಸೊಂಟದ ಕೀಲು. ಕೀವಿನ ಒತ್ತಡಕ್ಕೆ ತೊಡೆಮೂಳೆಯ ತಲೆಗೆ ಹೋಗುವ ರಕ್ತವೇ ನಿಂತುಹೋಗಬಹುದು. ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ರಾತ್ರಿ ಎಂಟು ತಿಂಗಳ ಮಗುವನ್ನು ಕರೆತಂದರು. ಲಂಗೋಟಿ ಬದಲಿಸುವಾಗ ಚೀರುತ್ತಿತ್ತು, ಒಂದು ಕಾಲು ಆಡಿಸುತ್ತಿರಲಿಲ್ಲ. ಜ್ವರ ಹೆಚ್ಚೇನೂ ಇರಲಿಲ್ಲ. ಬೆಳಿಗ್ಗೆ ಅಲ್ಟ್ರಾಸೌಂಡ್ ಮಾಡಿಸಿ ನೋಡೋಣ ಅಂದೆ. ಬೆಳಿಗ್ಗೆ ಅಂದದ್ದು ಮಧ್ಯಾಹ್ನ ಆಯಿತು. ಸೊಂಟ ತೆರೆದಾಗ ಕೀವು ತುಂಬಿತ್ತು. ಆ ಮಗು ಈಗ ದೊಡ್ಡ ಹುಡುಗಿ, ಒಂದು ಕಾಲು ಗಿಡ್ಡ, ಸ್ವಲ್ಪ ವಾಲಿ ನಡೆಯುತ್ತಾಳೆ. ಆ ರಾತ್ರಿಯೇ ತೆರೆದಿದ್ದರೆ ಸರಿಹೋಗುತ್ತಿತ್ತು ಅಂತ ಖಚಿತವಾಗಿ ಹೇಳಲಾರೆ. ಆದರೆ ಅಂದಿನಿಂದ ಸೊಂಟದಲ್ಲಿ ಕೀವಿನ ಅನುಮಾನ ಬಂದರೆ ನಾನು ಬೆಳಗಾಗಲಿ ಅನ್ನುವುದಿಲ್ಲ. ಎಳೆ ಶಿಶುಗಳಲ್ಲಿ ರಕ್ತನಾಳಗಳು ಬೆಳವಣಿಗೆಯ ತಟ್ಟೆಯನ್ನು ದಾಟಿ ಹೋಗುತ್ತವೆ, ಸುಮಾರು ಒಂದೂವರೆ ವರ್ಷದವರೆಗೆ. ಹಾಗಾಗಿ ಸೋಂಕು ಮೂಳೆಯಿಂದ ಕೀಲಿಗೆ ಬೇಗ ಜಾರುತ್ತದೆ. ಬಾಯಿ ಬಾರದ ಮಗು ಎಲ್ಲಿ ನೋವು ಅಂತ ಹೇಳಲೂ ಆಗದು.

ಕೊಡಗಿನವರಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಜೇನುಕುರುಬ, ಬೆಟ್ಟಕುರುಬ, ಯರವ ಮುಂತಾದ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಅನ್ನುವ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಕಾಣುತ್ತದೆ. ಆ ಮಕ್ಕಳಿಗೆ ರಕ್ತನಾಳ ಕಟ್ಟಿ ಬರುವ ಮೂಳೆ ನೋವೂ ಇದೇ ಥರ ಇರುತ್ತದೆ, ಜ್ವರವೂ ಬರುತ್ತದೆ. ಅದು ಸೋಂಕೋ ಅಲ್ಲವೋ ಅಂತ ಬಿಡಿಸುವುದು ನಮಗೂ ಕಷ್ಟ. ಸೋಂಕೇ ಆದರೆ ಅವರಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಕೂಡ ಕಾರಣವಾಗಬಹುದು, ಔಷಧಿ ಬದಲಾಗುತ್ತದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಿಕಲ್ ಸೆಲ್ ಕಾರ್ಯಕ್ರಮದಲ್ಲಿ ಪರೀಕ್ಷೆ ಮಾಡಿ ಕಾರ್ಡ್ ಕೊಡುತ್ತಾರೆ. ತೋಟದ ಲೈನ್ ಮನೆಗಳಲ್ಲಿ, ಹಾಡಿಗಳಲ್ಲಿ ಯಾರಿಗಾದರೂ ಆ ಕಾರ್ಡ್ ಇದ್ದರೆ ಆಸ್ಪತ್ರೆಗೆ ಹೋಗುವಾಗ ಮೊದಲು ಅದನ್ನು ತೋರಿಸಲಿ.

ದೂರದ ಕಷ್ಟ ನನಗೆ ಗೊತ್ತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ದಾರಿ ಮುಚ್ಚಿದಾಗ ಮಂಗಳೂರಿನ ಕಡೆ ಹೋಗುವುದೂ ಆಗುತ್ತಿರಲಿಲ್ಲ. ಮಡಿಕೇರಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಮೊದಲು ಅಲ್ಲಿಗೆ ಹೋದರೂ ನಡೆಯುತ್ತದೆ. ಬೇರೆ ಊರಿಗೆ ಕಳಿಸುವುದಾದರೆ, ಹೊರಡುವ ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದಿಟ್ಟು ಮೊದಲ ಡೋಸ್ ಕೊಡಬಹುದಾ ಅಂತ ಕೇಳಿ. ರಕ್ತ ಮೊದಲು, ಔಷಧಿ ಆಮೇಲೆ. ಜ್ವರಕ್ಕೆ ಅಂತ ಎಲ್ಲೋ ಒಂದೆರಡು ಆಂಟಿಬಯೋಟಿಕ್ ಇಂಜೆಕ್ಷನ್ ಆಗಿಬಿಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಆಮೇಲೆ ನಾವು ಕತ್ತಲಲ್ಲಿ ಕಲ್ಲು ಹೊಡೆಯಬೇಕಾಗುತ್ತದೆ.

ಇನ್ನು ಮನೆಯ ವಿಚಾರ. ಕ್ಯಾಪ್ಸೂಲ್ ನಿಲ್ಲಿಸಬೇಡಿ. ಜ್ವರ ಹೋದದ್ದು ಸೋಂಕು ಸೋಲುತ್ತಿದೆ ಅನ್ನುವುದಕ್ಕೆ ಗುರುತು, ಸತ್ತಿದೆ ಅನ್ನುವುದಕ್ಕಲ್ಲ. ಹಿಂದೆ ಆರು ವಾರ ಡ್ರಿಪ್ ಹಾಕಿ ಆಸ್ಪತ್ರೆಯಲ್ಲೇ ಮಲಗಿಸುತ್ತಿದ್ದರು. ಈಗ ಕೆಲವು ದಿನ ಡ್ರಿಪ್, ಆಮೇಲೆ ಬಾಯಿಯಲ್ಲಿ, ಒಟ್ಟು ಮೂರರಿಂದ ನಾಲ್ಕು ವಾರ ಸಾಕು ಅಂತ ಗೊತ್ತಾಗಿದೆ. ಎಂಆರ್‌ಎಸ್‌ಎ ಆದರೆ, ಅಥವಾ ಜಾಸ್ತಿ ಹಬ್ಬಿದ್ದರೆ ಇನ್ನೂ ಉದ್ದ. ಮೂಳೆಗೆ ಕೊಡುವ ಡೋಸ್ ಗಂಟಲು ನೋವಿಗೆ ಕೊಡುವುದಕ್ಕಿಂತ ಜಾಸ್ತಿ. ಇಷ್ಟೊಂದಾ ಅಂತ ಮೆಡಿಕಲ್ ಶಾಪಿನವರು ಹುಬ್ಬೇರಿಸಿದರೂ ಕಡಿಮೆ ಮಾಡಬೇಡಿ. ಹೊಟ್ಟೆ ಕೆಟ್ಟರೆ, ಮೈಮೇಲೆ ದದ್ದು ಎದ್ದರೆ ಫೋನ್ ಮಾಡಿ ಕೇಳಿ. ಸಿಆರ್‌ಪಿ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಇಎಸ್‌ಆರ್ ಅನ್ನುವ ಇನ್ನೊಂದು ರಕ್ತ ಪರೀಕ್ಷೆ ಸೋಮಾರಿ, ವಾರಗಟ್ಟಲೆ ಮೇಲೆಯೇ ಇರುತ್ತದೆ, ಅದನ್ನು ನೋಡಿ ಗಾಬರಿ ಬೇಡ.

ಕಾಲು ಗಿಡ್ಡವಾಗುವ ಭಯ. ಕೊರೆದದ್ದರಿಂದ ಮೂಳೆ ಗಿಡ್ಡವಾಗುವುದಿಲ್ಲ. ಸೋಂಕು ತಾನೇ ಬೆಳವಣಿಗೆಯ ತಟ್ಟೆಯನ್ನು ತಿಂದುಹಾಕಿದ್ದರೆ ಆಗಬಹುದು. ನಿಮ್ಮ ಮಗನ ವಯಸ್ಸಿನಲ್ಲಿ ತಟ್ಟೆ ಒಂದು ಅಡ್ಡಗೋಡೆಯಂತೆ ಕೀವನ್ನು ತಡೆಯುತ್ತದೆ, ಹಾಗಾಗಿ ಸಾಧ್ಯತೆ ಕಡಿಮೆ. ಆದರೂ ಲೆಕ್ಕ ಗೊತ್ತಿರಲಿ. ಮೊಣಕಾಲಿನ ಕೆಳಗಿನ ಈ ತಟ್ಟೆ ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಬೆಳೆಸುತ್ತದೆ. ಹುಡುಗರಲ್ಲಿ ಬೆಳವಣಿಗೆ ಸುಮಾರು 16 ವರ್ಷಕ್ಕೆ ನಿಲ್ಲುತ್ತದೆ. ತಟ್ಟೆ ಪೂರ್ತಿ ಮುಚ್ಚಿದರೂ ವ್ಯತ್ಯಾಸ ಐದು ಸೆಂಟಿಮೀಟರ್ ಹತ್ತಿರ, ಅದೂ ಎಂಟು ವರ್ಷದಲ್ಲಿ. ಅಂದರೆ ಅದು ರಾತ್ರೋರಾತ್ರಿ ಆಗುವುದಲ್ಲ, ಹಿಡಿಯಲು, ಸರಿಪಡಿಸಲು ಸಮಯ ಸಿಗುತ್ತದೆ. ಕೆಲವು ಮಕ್ಕಳಲ್ಲಿ ತಮಾಷೆಯಾಗಿ ಉಲ್ಟಾ ಆಗುತ್ತದೆ. ಸೋಂಕು ಆದ ಕಡೆ ರಕ್ತ ಜಾಸ್ತಿ ಹರಿದು ಆ ಕಾಲೇ ಸ್ವಲ್ಪ ಉದ್ದ ಬೆಳೆಯುತ್ತದೆ. ಆರು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೂ ಡಾಕ್ಟರ್ ಹೇಳಿದಷ್ಟು ಸಲ ಹೋಗಿ ಅಳತೆ ಮಾಡಿಸಿ. ಹಳೆಯ ಎಕ್ಸ್‌ರೇಗಳನ್ನು ಬಿಸಾಡಬೇಡಿ, ಹೊಸದನ್ನು ಅವುಗಳ ಪಕ್ಕ ಇಟ್ಟೇ ನೋಡಬೇಕು. ಮತ್ತೆ ಜ್ವರ, ಅದೇ ಜಾಗದಲ್ಲಿ ನೋವು, ಗಾಯದಿಂದ ಸೋರಿಕೆ ಕಂಡರೆ ತಾರೀಕಿಗೆ ಕಾಯದೆ ಹೋಗಿ.

ತಂಗಿಗೆ ಮೂಳೆಯ ಸೋಂಕು ಅಂಟುವುದಿಲ್ಲ. ಚರ್ಮದ ಬ್ಯಾಕ್ಟೀರಿಯಾ ದಾಟಬಹುದು, ಅದಕ್ಕೆ ಟವೆಲ್ ಬೇರೆ ಇರಲಿ, ಇಬ್ಬರ ಉಗುರೂ ಗಿಡ್ಡ ಇರಲಿ, ಕುರು ಎದ್ದರೆ ಹಿಸುಕದೆ ತೋರಿಸಿ.

ನಿಮ್ಮ ಅತ್ತೆಗೆ ಹೇಳಿ, ಎಣ್ಣೆಯಿಂದ ಸೋಂಕು ಬರಲಿಲ್ಲ ಅಂತ. ಅದರಿಂದ ಒಂದೆರಡು ದಿನ ಹೋಯಿತು, ನಿಜ. ಆದರೆ ಆ ದಿನಗಳಲ್ಲಿ ಡಾಕ್ಟರಿಗೂ ತೋರಿಸಿದ್ದಿರಿ, ಅಲ್ಲೂ ಗೊತ್ತಾಗಲಿಲ್ಲ. ಇನ್ನು ಮುಂದೆ ಮಾತ್ರ ಆ ಕಾಲಿಗೆ ತಿಕ್ಕುವುದು, ಕಟ್ಟು ಬಿಗಿಯುವುದು ಬೇಡ. ಗಾಯದ ಸುತ್ತ ಎಣ್ಣೆ ಸವರುವುದೂ ಈಗ ಬೇಡ.

ಹಾಕಿ ಬಗ್ಗೆ ಅವನಿಗೆ ಒಳ್ಳೆ ಸುದ್ದಿಯೇ ಇದೆ. ಮೊದಲ ಕೆಲವು ವಾರ ವಾಕರ್ ಹಿಡಿದು, ಡಾಕ್ಟರ್ ಹೇಳಿದಷ್ಟೇ ಭಾರ ಹಾಕಲಿ. ಮೊಣಕಾಲು ಮಡಚುವ ವ್ಯಾಯಾಮ ದಿನಾ ಮಾಡಲಿ, ಇಲ್ಲದಿದ್ದರೆ ಬಿಗಿದುಕೊಳ್ಳುತ್ತದೆ. ಓಡುವುದು, ಹಾರುವುದು ಸುಮಾರು ಮೂರು ತಿಂಗಳು ಬೇಡ, ಮೂಳೆ ಇನ್ನೂ ಮೆತ್ತಗಿರುತ್ತದೆ. ಎಲ್ಲ ಸರಿ ಹೋದರೆ ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬ ಕಳೆದ ಮೇಲೆ ಸ್ಟಿಕ್ ಹಿಡಿಯಬಹುದು, ಬೇಸಿಗೆ ಕ್ಯಾಂಪಿಗೂ ಹೋಗಬಹುದು ಅಂತ ನನ್ನ ಅಂದಾಜು. ಕೊನೆಯ ಮಾತು ಮಾತ್ರ ಆಗಿನ ಎಕ್ಸ್‌ರೇ ನೋಡುವ ನಿಮ್ಮ ಸರ್ಜನ್‌ದು. ಶಿನ್ ಗಾರ್ಡ್ ಇಲ್ಲದೆ ಮಾತ್ರ ಮೈದಾನಕ್ಕೆ ಇಳಿಸಬೇಡಿ.